ಸೈಟಿನಲ್ಲಿ ಕನ್ನಡ ಫಾಂಟ್ ಕೈಕೊಟ್ಟಾಗ: ಎಲ್ಲಿಂದ ಹುಡುಕಬೇಕು, ಯಾವ ರೂಲ್ ಅಳಿಸಬೇಕು

ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಗೂ ಈಗ ವೆಬ್‌ಸೈಟ್ ಬೇಕು, ಮಂಡ್ಯದ ಬೆಲ್ಲದ ವ್ಯಾಪಾರಿಗೂ ಬೇಕು. ಗಿರಾಕಿಗಳು ಕನ್ನಡ ಓದುವವರು, ಹಾಗಾಗಿ ಸೈಟೂ ಕನ್ನಡದಲ್ಲೇ ಇರಬೇಕು. ಆದರೆ ಇಂಥ ಸೈಟುಗಳು ಜಾಸ್ತಿ ನಿಂತಿರುವುದು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಮಾಡಿದ ಥೀಮ್‌ಗಳ (ಸಿದ್ಧ ವಿನ್ಯಾಸಗಳ) ಮೇಲೆ. ಕನ್ನಡವನ್ನು ಆಮೇಲೆ ಸೇರಿಸಿರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಹೆಡಿಂಗ್ ಒಂದು ಫಾಂಟ್, ಒಳಗಿನ ಬರಹ ಇನ್ನೊಂದು. ಇಡೀ ಪುಟ ದಪ್ಪಕ್ಷರ. ಒತ್ತಕ್ಷರದ ಬಾಲ ಕತ್ತರಿಸಿಹೋಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ, ಫೋನಿನಲ್ಲಿ ಬೇರೆ ಥರ.

ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸಿಎಸ್‌ಎಸ್ ಫೈಲಿನ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಫೈಲಿನ) ಕೊನೆಗೆ ಹೋಗಿ ಇನ್ನೊಂದು ಫಾಂಟ್ ರೂಲ್, ಅಂದರೆ ಅಪ್ಪಣೆ, ಬರೆಯುತ್ತಾರೆ, ಪಕ್ಕದಲ್ಲಿ ‘ಇದೇ ಗೆಲ್ಲಲಿ’ ಅನ್ನುವ ‘ಇಂಪಾರ್ಟೆಂಟ್’ ಅಂಟಿಸುತ್ತಾರೆ. ಅವತ್ತಿಗೆ ಸರಿಹೋಗುತ್ತದೆ. ಮುಂದಿನ ಸಲ ಬೇರೆ ಕಡೆ ಕೆಟ್ಟಾಗ ಅದರ ಕೆಳಗೆ ಇನ್ನೊಂದು ರೂಲ್. ಹೀಗೆ ಒಂದೇ ಹೆಡಿಂಗಿಗೆ ನಾಲ್ಕು ಕಡೆ ನಾಲ್ಕು ಅಪ್ಪಣೆ ಸೇರುತ್ತವೆ. ಆಮೇಲೆ ಯಾವುದು ನಡೆಯುತ್ತಿದೆ ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನಾನು ಒತ್ತಿ ಹೇಳುವುದು ಇಷ್ಟೇ: ಹೊಸ ರೂಲ್ ಬರೆಯುವ ಮುಂಚೆ, ಈಗ ಗೆಲ್ಲುತ್ತಿರುವ ರೂಲ್ ಯಾವುದು, ನಿಜವಾಗಿ ಕಾಣುತ್ತಿರುವ ಫಾಂಟ್ ಯಾವುದು ಅಂತ ನೋಡಿ. ಈ ಎರಡು ಗೊತ್ತಾದರೆ ಎಷ್ಟೋ ಸಲ ಹೊಸದು ಬರೆಯುವ ಅಗತ್ಯವೇ ಬೀಳುವುದಿಲ್ಲ. ಹಳೆಯದೊಂದನ್ನು ಅಳಿಸಿದರೆ ಸಾಕಾಗುತ್ತದೆ.

(ಕೋಡಿನಲ್ಲಿ ಈ ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ.)

ಮೊದಲು ಒಂದು ಪರೀಕ್ಷಾ ಪುಟ ಮಾಡಿಕೊಳ್ಳಿ

‘ನಮಸ್ಕಾರ’ ಅಂತ ಬರೆದು ಫಾಂಟ್ ಪರೀಕ್ಷೆ ಮಾಡಿದರೆ ಸಾಲದು. ಕಷ್ಟದ ಅಕ್ಷರಗಳು ಬೇಕು. ನಮ್ಮ ಕಡೆಯ ಊರುಗಳ ಹೆಸರೇ ಇದಕ್ಕೆ ಚೆನ್ನಾಗಿ ಒದಗುತ್ತವೆ. ಸೈಟಿನಲ್ಲಿ ಯಾರಿಗೂ ಕಾಣದ ಒಂದು ಪುಟ ತೆರೆದು ಈ ಸಾಲು ಹಾಕಿ:

ಶ್ರೀರಂಗಪಟ್ಟಣ, ಮದ್ದೂರು, ಕೃಷ್ಣರಾಜಸಾಗರ, ಸ್ವಾತಂತ್ರ್ಯ, ಅರ್ಜಿ, ರ‍್ಯಾಂಕ್, ₹250, ೦೧೨೩.

‘ಕೃಷ್ಣ’ದಲ್ಲಿ ವಟ್ರಸುಳಿಯೂ ಇದೆ, ಷಕ್ಕೆ ಣ ಒತ್ತೂ ಇದೆ. ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರಕ್ಕೆ ಎರಡು ಒತ್ತು. ‘ಅರ್ಜಿ’ಯಲ್ಲಿ ಅರ್ಕಾವತ್ತು. ‘ರ‍್ಯಾಂಕ್’ ಬರೆಯಲು ಕಣ್ಣಿಗೆ ಕಾಣದ ಒಂದು ಜೋಡಣೆ ಅಕ್ಷರ ಬೇಕು, ಅದು ಇಲ್ಲದಿದ್ದರೆ ರ ಅಕ್ಷರ ಅರ್ಕಾವತ್ತಾಗಿ ಬಲಕ್ಕೆ ಓಡುತ್ತದೆ. ರೂಪಾಯಿ ಚಿಹ್ನೆ ಕನ್ನಡ ಅಕ್ಷರಗಳ ಗುಂಪಿನಲ್ಲೇ ಇಲ್ಲ, ಹಾಗಾಗಿ ಅದು ಬೇರೆ ಫಾಂಟಿನಿಂದ ಬಂದು ಕುಳಿತಿರಬಹುದು. ಇದೇ ಸಾಲನ್ನು ಸಾಮಾನ್ಯ ಬರಹದಲ್ಲಿ, ಬೋಲ್ಡ್‌ನಲ್ಲಿ, ಹೆಡಿಂಗಿನಲ್ಲಿ, ಒಂದು ಬಟನ್‌ನಲ್ಲಿ, ಒಂದು ಫಾರ್ಮ್ ಪೆಟ್ಟಿಗೆಯಲ್ಲಿ ಹಾಕಿ. ಮುಂದಿನ ಎಲ್ಲ ಹುಡುಕಾಟಕ್ಕೆ ಈ ಪುಟವೇ ಆಧಾರ.

ನಿಜವಾಗಿ ಬಂದಿರುವ ಫಾಂಟ್ ಯಾವುದು?

ಕ್ರೋಮ್‌ನಲ್ಲಿ ಆ ಪದದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಪೆಕ್ಟ್’ ಒತ್ತಿ. ‘ಕಂಪ್ಯೂಟೆಡ್’ ಟ್ಯಾಬ್‌ಗೆ ಹೋಗಿ. ಅಲ್ಲಿ ‘ಫಾಂಟ್-ಫ್ಯಾಮಿಲಿ’ ಅಂತ ಒಂದು ಸಾಲು ಕಾಣುತ್ತದೆ. ಅದನ್ನು ನಂಬಬೇಡಿ. ಅದು ನೀವು ಕೇಳಿದ ಪಟ್ಟಿ, ಸಿಕ್ಕಿದ ಫಾಂಟ್ ಅಲ್ಲ. ತೀರಾ ಕೆಳಗೆ ಸ್ಕ್ರೋಲ್ ಮಾಡಿ, ‘ರೆಂಡರ್ಡ್ ಫಾಂಟ್ಸ್’ ಎಂಬ ಭಾಗ ನೋಡಿ. ನಿಜ ಅಲ್ಲಿದೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ ‘ಫಾಂಟ್ಸ್’ ಎಂಬ ಬೇರೆ ಟ್ಯಾಬೇ ಇದೆ.

ಅಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಕಂಡರೆ ಅದು ವಿಂಡೋಸ್‌ನದು. ಕನ್ನಡ ಸಂಗಮ್ ಎಂಎನ್ ಕಂಡರೆ ಆಪಲ್‌ನದು. ಅಂದರೆ ನಿಮ್ಮ ವೆಬ್ ಫಾಂಟ್ (ಸೈಟಿನ ಜೊತೆ ಡೌನ್‌ಲೋಡ್ ಆಗಬೇಕಾದ ಫಾಂಟ್) ಬಂದೇ ಇಲ್ಲ, ಕಂಪ್ಯೂಟರ್ ತನ್ನಲ್ಲಿದ್ದದ್ದನ್ನು ಕೊಟ್ಟು ಸುಮ್ಮನಾಗಿದೆ. ನೀವು ಬಳಸುತ್ತಿರುವುದೇ ನೋಟೋ ಸಾನ್ಸ್ ಕನ್ನಡ ಆದರೆ ಸ್ವಲ್ಪ ಎಚ್ಚರ ಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಅದು ಸಾಮಾನ್ಯವಾಗಿ ಮೊದಲೇ ಇರುತ್ತದೆ. ವೆಬ್ ಫಾಂಟ್ ಸೋತರೂ ಪುಟ ಸರಿಯಾಗೇ ಕಾಣುತ್ತದೆ, ನಿಮಗೆ ತಪ್ಪು ಗೊತ್ತೇ ಆಗುವುದಿಲ್ಲ. ಕ್ರೋಮ್ ಹೆಸರಿನ ಪಕ್ಕದಲ್ಲೇ ಅದು ನೆಟ್‌ವರ್ಕ್‌ನಿಂದ ಬಂತೋ, ಲೋಕಲ್ ಫೈಲೋ ಅಂತ ಬರೆದಿರುತ್ತದೆ. ಅದನ್ನು ಓದಿ. ‘ಫಾಂಟ್-ಫೇಸ್’ ರೂಲಿನಲ್ಲಿ (ಫಾಂಟಿನ ಹೆಸರೇನು, ಫೈಲ್ ಎಲ್ಲಿದೆ ಅಂತ ಹೇಳುವ ರೂಲ್) ಫಾಂಟಿಗೆ ನಿಮ್ಮದೇ ಹೆಸರು ಕೊಡುವುದೂ ಒಳ್ಳೆಯದು. ‘ಅಂಗಡಿ ಕನ್ನಡ’ ಅಂತ ಇಟ್ಟರೂ ನಡೆಯುತ್ತದೆ. ಆ ಹೆಸರಿನ ಫಾಂಟ್ ಯಾವ ಫೋನಿನಲ್ಲೂ ಇರಲ್ಲ ಅಲ್ವಾ, ಹೆಸರಿನ ಗೊಂದಲವಾದರೂ ತಪ್ಪುತ್ತದೆ. ಆದರೂ ಫೋನ್ ತನ್ನ ಫಾಂಟನ್ನೇ ಕೊಟ್ಟಿರಬಹುದು, ನೆಟ್‌ವರ್ಕ್‌ನಿಂದ ಬಂತೋ ಅಂತ ನೋಡುವುದನ್ನು ಬಿಡಬೇಡಿ.

ಹಳೆಯ ಬರಹ ಇರುವ ಸೈಟುಗಳಲ್ಲಿ ಇನ್ನೊಂದು ಪರಿಸ್ಥಿತಿ ಇದೆ. ಫಾಂಟ್ ಬರದಿದ್ದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ, ಆ ಬರಹ ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ) ಇಲ್ಲ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲೋ ಅಂಥದ್ದೇ ಬೇರೊಂದರಲ್ಲೋ ಟೈಪ್ ಮಾಡಿದ್ದು. ಅದು ಒಳಗಿನಿಂದ ಇಂಗ್ಲಿಷ್ ಅಕ್ಷರವೇ, ಕನ್ನಡದ ಚಿತ್ರ ಮಾತ್ರ ತೊಡಿಸಿರುತ್ತಾರೆ. ಇದನ್ನು ಸಿಎಸ್‌ಎಸ್‌ನಿಂದ ಸರಿಮಾಡಲು ಹೋಗಬೇಡಿ. ಬರಹವನ್ನೇ ಯೂನಿಕೋಡ್‌ಗೆ ಪರಿವರ್ತಿಸಿ. ಹಾಗೆ ಮಾಡದ ಹೊರತು ಗೂಗಲ್‌ನಲ್ಲಿ ಹುಡುಕಿದರೂ ಆ ಪುಟ ಸಿಗುವುದಿಲ್ಲ.

ಫೈಲ್ ಬಂತಾ, ದಾರಿಯಲ್ಲೇ ನಿಂತಿತಾ?

ಈಗ ‘ನೆಟ್‌ವರ್ಕ್’ ಟ್ಯಾಬ್. ‘ಡಿಸೇಬಲ್ ಕ್ಯಾಶೆ’ ಎಂಬಲ್ಲಿ ಟಿಕ್ ಹಾಕಿ. ‘ಫಾಂಟ್’ ಫಿಲ್ಟರ್ ಒತ್ತಿ. ಪುಟವನ್ನು ಮತ್ತೆ ಲೋಡ್ ಮಾಡಿ.

404 (ಫೈಲ್ ಸಿಗಲಿಲ್ಲ) ಬಂದರೆ ವಿಳಾಸ ತಪ್ಪು. ಇಲ್ಲಿ ಎರಡು ಕಾರಣ ಪದೇಪದೇ ಸಿಗುತ್ತವೆ. ಒಂದು, ಫಾಂಟ್ ಫೈಲಿನ ದಾರಿಯನ್ನು ಬ್ರೌಸರ್ ಲೆಕ್ಕ ಹಾಕುವುದು ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ, ಪುಟ ಇರುವ ಜಾಗದಿಂದ ಅಲ್ಲ. ಸಿಎಸ್‌ಎಸ್ ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿದರೆ ಫಾಂಟ್ ಕಳೆದುಹೋಗುತ್ತದೆ. ಎರಡು, ವಿಂಡೋಸ್ ಲ್ಯಾಪ್‌ಟಾಪ್ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ನೋಡುವುದಿಲ್ಲ. ಲಿನಕ್ಸ್ ಸರ್ವರ್ ನೋಡುತ್ತದೆ. ‘ನನ್ನ ಮೆಷಿನ್‌ನಲ್ಲಿ ಬರ್ತಿತ್ತು, ಅಪ್‌ಲೋಡ್ ಮಾಡಿದ ಮೇಲೆ ಹೋಯ್ತು’ ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ. ಫಾಂಟ್ ಫೈಲುಗಳ ಹೆಸರನ್ನೆಲ್ಲ ಚಿಕ್ಕಕ್ಷರದಲ್ಲೇ, ಜಾಗ ಬಿಡದೆ ಇಡುವುದು ಕ್ಷೇಮ.

‘ಕನ್ಸೋಲ್’ ಟ್ಯಾಬ್‌ನಲ್ಲಿ (ಬ್ರೌಸರ್ ತನ್ನ ದೂರುಗಳನ್ನು ಬರೆಯುವ ಜಾಗ) ಕೆಂಪು ಅಕ್ಷರದಲ್ಲಿ ‘ಕಾರ್ಸ್’ ಅಂತ ದೂರು ಬಂದರೆ ಫಾಂಟ್ ಬೇರೆ ವಿಳಾಸದಿಂದ ಬರುತ್ತಿದೆ, ಆ ಸರ್ವರ್ ಒಪ್ಪಿಗೆ ಕೊಟ್ಟಿಲ್ಲ. ಚಿತ್ರಗಳಿಗೆ ಇಲ್ಲದ ಈ ಕಟ್ಟುನಿಟ್ಟು ಫಾಂಟಿಗೆ ಇದೆ. ನೆನಪಿಡಿ, ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ವಿಳಾಸ ಒಂದು, ಇಲ್ಲದ್ದು ಇನ್ನೊಂದು. ಸೈಟ್ ಒಂದರಲ್ಲಿ ತೆರೆದು ಫಾಂಟ್ ಇನ್ನೊಂದರಿಂದ ಕೇಳಿದರೆ ಬ್ರೌಸರ್ ತಡೆಯುತ್ತದೆ.

ಇನ್ನು ನನಗೆ ತುಂಬಾ ಉಪಯೋಗಕ್ಕೆ ಬಂದಿರುವ ಗುರುತು ಒಂದಿದೆ. ಸ್ಟೇಟಸ್ 200 (ಫೈಲ್ ಸಿಕ್ಕಿತು) ಅಂತ ಇದೆ, ಎಲ್ಲ ಸರಿ ಅನ್ನಿಸುತ್ತದೆ, ಆದರೂ ಫಾಂಟ್ ಇಲ್ಲ. ಕನ್ಸೋಲ್‌ನಲ್ಲಿ ‘ಡೌನ್‌ಲೋಡ್ ಆದ ಫಾಂಟನ್ನು ಡಿಕೋಡ್ ಮಾಡಲಾಗಲಿಲ್ಲ’ ಎಂಬ ಎಚ್ಚರಿಕೆ, ಅದರ ಕೆಳಗೆ ‘ಇನ್‌ವ್ಯಾಲಿಡ್ ಎಸ್‌ಎಫ್‌ಎನ್‌ಟಿ ವರ್ಷನ್: 1008813135’ ಅಥವಾ 1008821359 ಎಂಬ ಸಂಖ್ಯೆ. ಈ ಸಂಖ್ಯೆ ಸುಮ್ನೆ ಬಂದದ್ದಲ್ಲ. ಬ್ರೌಸರ್ ಫೈಲಿನ ಮೊದಲ ನಾಲ್ಕು ಬೈಟ್ ಓದಿ ಅದನ್ನೇ ಸಂಖ್ಯೆಯಾಗಿ ಹೇಳುತ್ತಿದೆ. ಅದನ್ನು ಅಕ್ಷರಕ್ಕೆ ತಿರುಗಿಸಿದರೆ ಕೋನದ ಚಿಹ್ನೆ, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ‘ಡಿ’, ‘ಒ’ ಸಿಗುತ್ತವೆ. ಅದು ಎಚ್‌ಟಿಎಂಎಲ್ ಪುಟದ ಮೊದಲ ಸಾಲಾದ ‘ಡಾಕ್‌ಟೈಪ್’ನ ಆರಂಭ. ಮೊದಲ ಸಂಖ್ಯೆ ಬಂದರೆ ದೊಡ್ಡಕ್ಷರದ ಡಿಒ, ಎರಡನೆಯದು ಬಂದರೆ ಚಿಕ್ಕಕ್ಷರದ್ದು. ಅಂದರೆ ಸರ್ವರ್ ಫಾಂಟ್ ಬದಲು ಒಂದು ವೆಬ್ ಪುಟ ಕಳಿಸಿದೆ. ಸಾಮಾನ್ಯವಾಗಿ ಅದು ‘ಪುಟ ಸಿಗಲಿಲ್ಲ’ ಅನ್ನುವ ಪುಟ ಅಥವಾ ಹೋಮ್ ಪೇಜ್. ಈ ಸಂಖ್ಯೆ ಕಂಡ ಕ್ಷಣ ಫಾಂಟ್ ಫೈಲನ್ನು ಅನುಮಾನಿಸುವುದು ಬಿಟ್ಟು ವಿಳಾಸವನ್ನು ನೋಡಿ.

ಪಟ್ಟಿಯಲ್ಲಿ ಫಾಂಟಿನ ಸಾಲೇ ಇಲ್ಲದಿದ್ದರೆ ಬ್ರೌಸರ್ ಅದನ್ನು ಕೇಳಿಯೇ ಇಲ್ಲ. ರೂಲಿನಲ್ಲಿ ಹೆಸರು ಒಂದು ಥರ, ಬಳಸುವಾಗ ಇನ್ನೊಂದು ಥರ ಬರೆದಿರಬಹುದು. ಇಲ್ಲವೇ ‘ಯೂನಿಕೋಡ್-ರೇಂಜ್’ (ಈ ಫಾಂಟ್ ಯಾವ ಅಕ್ಷರಗಳಿಗೆ ಅಂತ ಹೇಳುವ ಸಾಲು) ತಪ್ಪಿರಬಹುದು. ಕನ್ನಡದ ಗುಂಪು 0ಸಿ80 ರಿಂದ 0ಸಿಎಫ್‌ಎಫ್ ವರೆಗೆ. ಅಷ್ಟನ್ನೇ ಬರೆದು ನಿಲ್ಲಿಸಬೇಡಿ. ಕಾಣದ ಜೋಡಣೆ ಅಕ್ಷರಗಳಾದ 200ಸಿ, 200ಡಿ, ರೂಪಾಯಿಯ 20ಬಿ9 ಇವನ್ನೂ ಸೇರಿಸಿ. ಇಲ್ಲದಿದ್ದರೆ ಪರೀಕ್ಷಾ ಸಾಲಿನ ‘ರ‍್ಯಾಂಕ್’ ಒಡೆಯಬಹುದು, ರೂಪಾಯಿ ಚಿಹ್ನೆ ಬೇರೆ ಮುಖ ಹೊತ್ತು ಬರಬಹುದು.

ಒಂದೇ ಫೈಲ್ ಎರಡು ಸಲ ಬರುತ್ತಿದ್ದರೆ, ಫಾಂಟನ್ನು ಮುಂಚೆಯೇ ತರಿಸುವ ‘ಪ್ರಿಲೋಡ್’ ಸಾಲು ನೋಡಿ. ಅದರಲ್ಲಿ ‘ಕ್ರಾಸ್‌ಒರಿಜಿನ್’ ಎಂಬ ಗುಣ ಇರಲೇಬೇಕು, ಫಾಂಟ್ ನಿಮ್ಮದೇ ಸರ್ವರ್‌ನಲ್ಲಿದ್ದರೂ ಸರಿ. ಇಲ್ಲದಿದ್ದರೆ ಮೊದಲು ತಂದದ್ದು ವ್ಯರ್ಥವಾಗಿ ಬ್ರೌಸರ್ ಮತ್ತೊಮ್ಮೆ ತರುತ್ತದೆ. ನೆಟ್ ನಿಧಾನ ಇರುವ ಹಳ್ಳಿಯ ಫೋನಿಗೆ ಅದು ಸಣ್ಣ ಹೊರೆಯಲ್ಲ.

‘ಫಾಂಟ್-ಫೇಸ್’ ಎರಡು ಸಲ ಬಂದಾಗ

ಇಡೀ ಸೈಟ್ ಇದ್ದಕ್ಕಿದ್ದಂತೆ ದಪ್ಪಕ್ಷರ ಆಗಿದ್ದರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ. ಒಂದೇ ಹೆಸರಿನಲ್ಲಿ ಎರಡು ‘ಫಾಂಟ್-ಫೇಸ್’ ರೂಲ್ ಬರೆದಿರುತ್ತಾರೆ. ಮೊದಲನೆಯದು ರೆಗ್ಯುಲರ್ ಫೈಲಿಗೆ, ಎರಡನೆಯದು ಬೋಲ್ಡ್ ಫೈಲಿಗೆ. ಎರಡರಲ್ಲೂ ‘ಫಾಂಟ್-ವೇಟ್’ ಬರೆದಿರುವುದಿಲ್ಲ. ಬರೆಯದಿದ್ದರೆ ಬ್ರೌಸರ್ ಎರಡನ್ನೂ 400 ಅಂತಲೇ ಓದುತ್ತದೆ. ಹೆಸರು ಒಂದೇ, ತೂಕ ಒಂದೇ ಆದಾಗ ಕೊನೆಗೆ ಬಂದದ್ದೇ ನಿಲ್ಲುತ್ತದೆ. ರೆಗ್ಯುಲರ್ ಫೈಲ್ ಮೂಲೆಗೆ ಬಿತ್ತು.

ಇದಕ್ಕಿಂತ ಕೆಟ್ಟದ್ದು ಹೆಡಿಂಗಿನಲ್ಲಿ ಆಗುತ್ತದೆ. ಹೆಡಿಂಗ್ ಕೇಳುವುದು 700. ಬ್ರೌಸರ್ ಲೆಕ್ಕದಲ್ಲಿ ಕೈಯಲ್ಲಿರುವುದು 400. ಹಾಗಾಗಿ ಅದು ಬೋಲ್ಡ್ ಅಕ್ಷರವನ್ನೇ ಇನ್ನಷ್ಟು ಉಬ್ಬಿಸುತ್ತದೆ. ‘ಕೃಷ್ಣರಾಜಸಾಗರ’ ಅಂತ ದೊಡ್ಡದಾಗಿ ಬರೆದು ನೋಡಿ. ‘ಷ್ಣ’ದ ಒತ್ತಿನೊಳಗಿನ ಖಾಲಿ ಜಾಗ ಮುಚ್ಚಿಕೊಂಡು ಮಸಿಯ ಉಂಡೆಯಾಗಿರುತ್ತದೆ. ಇಂಗ್ಲಿಷ್ ಅಕ್ಷರ ಇಂಥ ಉಬ್ಬನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ಸಣ್ಣ ಒತ್ತುಗಳು ತಡೆಯುವುದಿಲ್ಲ.

ಪರಿಹಾರ ಸರಳ. ಪ್ರತಿ ರೂಲಿನಲ್ಲೂ ಅದರದೇ ತೂಕ ಬರೆಯಿರಿ, ಒಂದಕ್ಕೆ 400, ಇನ್ನೊಂದಕ್ಕೆ 700. ವೇರಿಯಬಲ್ ಫಾಂಟ್ (ಒಂದೇ ಫೈಲಿನಲ್ಲಿ ಹಲವು ತೂಕ ಇರುವ ಫಾಂಟ್) ಆದರೆ ಒಂದೇ ರೂಲಿನಲ್ಲಿ ‘100 900’ ಅಂತ ವ್ಯಾಪ್ತಿ ಕೊಡಬೇಕು. ನೋಟೋ ಸಾನ್ಸ್ ಕನ್ನಡಕ್ಕೆ ಇದು ಸರಿ. ಅನೇಕ್ ಕನ್ನಡ 100 ರಿಂದ 800 ರವರೆಗೆ ಮಾತ್ರ. ಗೂಗಲ್ ಫಾಂಟ್ಸ್‌ನಲ್ಲಿರುವ ‘ಹುಬ್ಬಳ್ಳಿ’, ‘ಬೆಣ್ಣೆ’ ಥರದ ಫಾಂಟುಗಳಿಗೆ ಒಂದೇ ತೂಕ. ಅವನ್ನು ಹೆಡಿಂಗಿಗೆ ಬಳಸುವುದಾದರೆ ಹೆಡಿಂಗಿನ ತೂಕವನ್ನೂ 400 ಕ್ಕೆ ಇಳಿಸಿ. ಹಾಗೆ ಮಾಡದಿದ್ದರೆ ಇಲ್ಲೂ ಅದೇ ಸುಳ್ಳು ಬೋಲ್ಡ್. ‘ಫಾಂಟ್-ಸಿಂಥೆಸಿಸ್: ನನ್’ ಅಂತ ಬರೆದರೆ ಬ್ರೌಸರ್ ಹೀಗೆ ಉಬ್ಬಿಸುವುದನ್ನೂ ಓರೆ ಮಾಡುವುದನ್ನೂ ಬಿಡುತ್ತದೆ. ಕನ್ನಡ ಸೈಟಿನಲ್ಲಿ ನಾನು ಇದನ್ನು ಹಾಕದೆ ಬಿಡುವುದಿಲ್ಲ.

ಒಂದೇ ಹೆಸರು, ಒಂದೇ ತೂಕ, ಆದರೆ ಬೇರೆ ಬೇರೆ ‘ಯೂನಿಕೋಡ್-ರೇಂಜ್’ ಇದ್ದರೆ ಅದು ಡೂಪ್ಲಿಕೇಟ್ ಅಲ್ಲ. ಗೂಗಲ್ ಫಾಂಟ್ಸ್ ಕೊಡುವುದೇ ಹಾಗೆ, ಕನ್ನಡಕ್ಕೆ ಒಂದು ಫೈಲ್, ಇಂಗ್ಲಿಷ್‌ಗೆ ಇನ್ನೊಂದು. ಅದನ್ನು ನೋಡಿ ‘ಎರಡಿದೆ’ ಅಂತ ಅಳಿಸಿಬಿಡಬೇಡಿ.

ಸ್ಟೈಲ್ ರೂಲ್‌ಗಳ ಜಗಳ

ಫಾಂಟ್ ಬಂದಿದೆ, ಆದರೂ ಒಂದು ಕಡೆ ಹತ್ತುತ್ತಿಲ್ಲ. ಈಗ ‘ಸ್ಟೈಲ್ಸ್’ ಟ್ಯಾಬ್ ನೋಡಿ. ಸೋತ ರೂಲ್‌ಗಳ ಮೇಲೆ ಗೆರೆ ಎಳೆದಿರುತ್ತದೆ. ಗೆದ್ದದ್ದರ ಬಲಗಡೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ಅದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ತುಂಬಾ ಜನ ಎಡವುವುದು ಇಲ್ಲಿ. ‘ಬಾಡಿ’ಗೆ, ಅಂದರೆ ಪುಟದ ಎಲ್ಲವನ್ನೂ ಒಳಗಿಟ್ಟುಕೊಂಡ ಟ್ಯಾಗ್‌ಗೆ, ಫಾಂಟ್ ಕೊಟ್ಟು ಇಂಪಾರ್ಟೆಂಟ್ ಹಾಕಿದರೂ ಹೆಡಿಂಗ್ ಬದಲಾಗುವುದಿಲ್ಲ. ಯಾಕೆಂದರೆ ಬಾಡಿಯಿಂದ ಹೆಡಿಂಗಿಗೆ ಬರುವುದು ಬಳುವಳಿ. ಹೆಡಿಂಗಿಗೆ ನೇರವಾಗಿ ಬರೆದ ಯಾವುದೇ ರೂಲ್, ಎಷ್ಟೇ ದುರ್ಬಲ ಇರಲಿ, ಬಳುವಳಿಯನ್ನು ಸೋಲಿಸುತ್ತದೆ. ಆಗ ಕೆಲವರು ಸಿಟ್ಟಿನಿಂದ ನಕ್ಷತ್ರ ಚಿಹ್ನೆ ಹಾಕಿ ‘ಎಲ್ಲದಕ್ಕೂ ಇದೇ ಫಾಂಟ್, ಇಂಪಾರ್ಟೆಂಟ್’ ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋನ್, ಕಾರ್ಟ್, ಮೆನು ಥರದ ಐಕಾನ್‌ಗಳು ಎಷ್ಟೋ ಥೀಮ್‌ಗಳಲ್ಲಿ ಫಾಂಟಿನಿಂದಲೇ ಬರುತ್ತವೆ. ಅವೆಲ್ಲ ಖಾಲಿ ಚೌಕಗಳಾಗಬಹುದು. ಐಕಾನ್ ಹೋಗಿದೆ ಅಂತ ದೂರು ಬಂದರೆ ಈ ನಕ್ಷತ್ರದ ರೂಲನ್ನೇ ಮೊದಲು ಹುಡುಕಿ.

ಬಾಡಿಯ ಫಾಂಟ್ ಬಟನ್‌ಗೂ ಫಾರ್ಮ್ ಪೆಟ್ಟಿಗೆಗಳಿಗೂ ತಾನಾಗಿ ಇಳಿಯುವುದಿಲ್ಲ. ಅವಕ್ಕೆ ‘ಫಾಂಟ್: ಇನ್‌ಹೆರಿಟ್’ ಅಂತ ಬೇರೆ ಬರೆಯಬೇಕು. ಅಷ್ಟೇ.

ನೇರ ರೂಲ್‌ಗಳ ನಡುವೆ ಯಾರು ಗೆಲ್ಲುತ್ತಾರೆ? ಐಡಿ (ಪುಟದ ಒಂದೇ ಭಾಗಕ್ಕೆ ಕೊಡುವ ಹೆಸರು) ಇರುವುದು ಕ್ಲಾಸ್ (ಹಲವು ಭಾಗಗಳಿಗೆ ಕೊಡಬಹುದಾದ ಹೆಸರು) ಇರುವುದನ್ನು ಸೋಲಿಸುತ್ತದೆ, ಕ್ಲಾಸ್ ಇರುವುದು ಬರೀ ಟ್ಯಾಗ್ ಇರುವುದನ್ನು. ಸಮಬಲ ಆದರೆ ಕೊನೆಗೆ ಲೋಡ್ ಆದದ್ದು ಗೆಲ್ಲುತ್ತದೆ. ಪ್ಲಗಿನ್‌ಗಳ (ಸೈಟಿಗೆ ಸೇರಿಸುವ ಹೆಚ್ಚುವರಿ ಸಾಧನಗಳ) ಸಿಎಸ್‌ಎಸ್ ಬಹಳ ಸಲ ಥೀಮ್ ಆದಮೇಲೆ ಬರುವುದರಿಂದ ನಿಮ್ಮ ರೂಲ್ ಸರಿ ಇದ್ದರೂ ಸೋಲುತ್ತದೆ. ಹೊಸ ಥೀಮ್‌ಗಳಲ್ಲಿ ‘ಲೇಯರ್’ (ರೂಲ್‌ಗಳನ್ನು ಗುಂಪು ಮಾಡುವ ಪದರ) ಇದ್ದರೆ ಇನ್ನೊಂದು ತಿರುವು: ಲೇಯರ್ ಒಳಗಿನ ರೂಲ್ ಎಷ್ಟೇ ಬಲವಾಗಿರಲಿ, ಹೊರಗಿನ ಸಾದಾ ರೂಲ್ ಅದನ್ನು ಸೋಲಿಸುತ್ತದೆ. ಇಂಪಾರ್ಟೆಂಟ್ ಹಾಕಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಈಗ ಎಡಿಟರ್‌ನಲ್ಲಿ ಇಡೀ ಥೀಮ್ ಫೋಲ್ಡರ್ ತೆರೆದು ‘ಫಾಂಟ್-ಫ್ಯಾಮಿಲಿ’ ಅಂತ ಹುಡುಕಿ. ಆಮೇಲೆ ಬರೀ ‘ಫಾಂಟ್:’ ಅಂತಲೂ ಹುಡುಕಿ. ಇದನ್ನು ಮರೆಯುವವರೇ ಜಾಸ್ತಿ. ಸೈಜ್, ಸಾಲಿನ ಎತ್ತರ, ಫಾಂಟ್ ಹೆಸರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೇಳುವ ಈ ಶಾರ್ಟ್‌ಹ್ಯಾಂಡ್, ಮೊದಲು ಬರೆದ ಫಾಂಟ್-ಫ್ಯಾಮಿಲಿಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ವರ್ಡ್‌ಪ್ರೆಸ್ ಆದರೆ ‘ಅಡಿಷನಲ್ ಸಿಎಸ್‌ಎಸ್’ ಪೆಟ್ಟಿಗೆಯನ್ನೂ ನೋಡಿ, ಅದು ಫೋಲ್ಡರ್‌ನಲ್ಲಿ ಇರುವುದಿಲ್ಲ. ಚೈಲ್ಡ್ ಥೀಮ್ (ಮೂಲ ‘ಪೇರೆಂಟ್’ ಥೀಮ್‌ನ ಮೇಲೆ ಕಟ್ಟಿದ ಥೀಮ್) ಇದ್ದರೆ ಪುಟದ ‘ಹೆಡ್’ ಭಾಗದಲ್ಲಿ ಪೇರೆಂಟ್ ಸ್ಟೈಲ್‌ಶೀಟ್ ಎರಡು ಸಲ ಬರುತ್ತಿದೆಯೇ ಅಂತ ಪರೀಕ್ಷಿಸಿ. ಒಂದು ಕಡೆ ‘ಇಂಪೋರ್ಟ್’, ಇನ್ನೊಂದು ಕಡೆ ಪಿಎಚ್‌ಪಿ ಮೂಲಕ ಸೇರಿಸಿದರೆ ಹೀಗಾಗುತ್ತದೆ. ಸ್ಟೈಲ್ಸ್ ಟ್ಯಾಬ್‌ನಲ್ಲಿ ಪ್ರತಿ ರೂಲ್ ಜೋಡಿಯಾಗಿ ಕಂಡರೆ ಇದೇ ಕಾರಣ.

ಅಳಿಸುವಾಗ ಒಂದೊಂದಾಗಿ ಅಳಿಸಿ. ಮೊದಲು ಸ್ಟೈಲ್ಸ್ ಟ್ಯಾಬ್‌ನಲ್ಲೇ ಟಿಕ್ ತೆಗೆದು ಪರೀಕ್ಷಾ ಪುಟ ನೋಡಿ. ಏನೂ ಬದಲಾಗದಿದ್ದರೆ ಆ ರೂಲ್ ಬೇರೆ ಪುಟಗಳಲ್ಲಿ ಕೆಲಸಕ್ಕೆ ಬರುತ್ತಿದೆಯೇ ನೋಡಿ, ಆಮೇಲೆ ಫೈಲಿನಿಂದ ತೆಗೆಯಿರಿ. ಒಂದೇ ಸೆಲೆಕ್ಟರ್ (ರೂಲ್ ಯಾವ ಭಾಗಕ್ಕೆ ಅಂತ ಹೇಳುವ ಹೆಸರು) ಮೀಡಿಯಾ ಕ್ವೆರಿಯೊಳಗೆ (ಪರದೆಯ ಅಳತೆಯಂಥ ಷರತ್ತು ಹಾಕುವ ಭಾಗ) ಮತ್ತೆ ಬಂದಿದ್ದರೆ ಅದು ಸಾಮಾನ್ಯವಾಗಿ ಫೋನಿಗಾಗಿ ಬರೆದದ್ದು, ಮುಟ್ಟಬೇಡಿ. ಸ್ಟೈಲ್‌ಲಿಂಟ್ ಎಂಬ ಉಚಿತ ಸಾಧನ ಡೂಪ್ಲಿಕೇಟ್ ಸೆಲೆಕ್ಟರ್‌ಗಳನ್ನು ಹುಡುಕಿಕೊಡುತ್ತದೆ, ಆದರೆ ಒಂದು ಫೈಲಿನೊಳಗೆ ಮಾತ್ರ. ಎರಡು ಫೈಲ್‌ಗಳ ನಡುವಿನ ಜಗಳವನ್ನು ನೀವೇ ನೋಡಬೇಕು.

ಕನ್ನಡಕ್ಕೇ ಬರುವ ತೊಂದರೆಗಳು

ಒತ್ತಿನ ಕೆಳಭಾಗ ಕತ್ತರಿಸಿದ್ದರೆ ಫಾಂಟ್ ಕೆಟ್ಟಿಲ್ಲ, ಸಾಲಿನ ಎತ್ತರ ಸಾಲದು. ಇಂಗ್ಲಿಷ್ ಥೀಮ್‌ಗಳು ಹೆಡಿಂಗಿಗೆ 1.1, 1.2 ಕೊಟ್ಟಿರುತ್ತವೆ. ಜೊತೆಗೆ ‘ಓವರ್‌ಫ್ಲೋ: ಹಿಡನ್’ ಇದ್ದರೆ ‘ಸ್ವಾತಂತ್ರ್ಯ’ದ ಬುಡ ಮಾಯ. ಬರಹಕ್ಕೆ 1.7ರ ಆಸುಪಾಸು, ಹೆಡಿಂಗಿಗೆ 1.4 ಇಟ್ಟು ನೋಡಿ. ‘ಲೆಟರ್-ಸ್ಪೇಸಿಂಗ್’ ಕನ್ನಡಕ್ಕೆ ಬೇಡ, ‘ನಾರ್ಮಲ್’ ಮಾಡಿ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ಇಲ್ಲ, ಬ್ರೌಸರ್ ಓರೆ ಮಾಡಿದ ಅಕ್ಷರ ಓದಲು ಕಷ್ಟ. ಒತ್ತಿ ಹೇಳಬೇಕಾದ್ದಕ್ಕೆ ಬೋಲ್ಡ್ ಬಳಸಿ. ಈ ಎಲ್ಲ ರೂಲ್‌ಗಳನ್ನೂ ಕನ್ನಡ ಭಾಷೆಯ ಗುರುತಿಗೆ ಕಟ್ಟಿ ಬರೆದರೆ ಇಂಗ್ಲಿಷ್ ಭಾಗ ಕೆಡುವುದಿಲ್ಲ. ಅದಕ್ಕಾಗಿ ಪುಟದಲ್ಲಿ ‘ಲ್ಯಾಂಗ್’ ಗುಣಕ್ಕೆ ‘ಕೆಎನ್’ ಕೊಟ್ಟಿರಬೇಕು.

ಫೈಲ್ ಚಿಕ್ಕದಾಗಲಿ ಅಂತ ಫಾಂಟನ್ನು ಕತ್ತರಿಸಿದ ಮೇಲೆ ‘ಪಟ್ಟಣ’ ಎಂಬುದು ‘ಪಟ್‌ಟಣ’ ಅಂತ ಕಂಡರೆ, ಕತ್ತರಿಸುವಾಗ ಅಕ್ಷರ ಜೋಡಿಸುವ ನಿಯಮಗಳ ಪಟ್ಟಿಯೂ ಹೋಗಿದೆ. ಕನ್ನಡದ ಒತ್ತುಗಳು ಇರುವುದೇ ಆ ಪಟ್ಟಿಯ ಮೇಲೆ. ಮೂಲ ಫೈಲಿನಿಂದ ಮತ್ತೆ ಶುರುಮಾಡಿ, ಲೇಔಟ್ ಫೀಚರ್‌ಗಳನ್ನು ಉಳಿಸುವ ಆಯ್ಕೆ ಕೊಡಿ. ಗಾತ್ರ ಇಳಿಸಲು ವೋಫ್2 ರೂಪ ಸಾಕಷ್ಟು ನೆರವಾಗುತ್ತದೆ. ನನ್ನ ಪ್ರಕಾರ ಅಂಗಡಿ ಸೈಟಿಗೆ ಎರಡು ತೂಕಕ್ಕಿಂತ ಜಾಸ್ತಿ ಬೇಡವೇ ಬೇಡ. ‘ಫಾಂಟ್-ಡಿಸ್‌ಪ್ಲೇ: ಸ್ವ್ಯಾಪ್’ ಹಾಕಿ, ಆಗ ಫಾಂಟ್ ಬರುವವರೆಗೂ ಓದುಗರು ಖಾಲಿ ಪುಟ ನೋಡುತ್ತಾ ಕೂರಬೇಕಾಗಿಲ್ಲ.

ಫೋನಿನಲ್ಲಿ ನೋಡಿ, ಆಮೇಲೆ ಗಿರಾಕಿಗೆ ತೋರಿಸಿ

ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಬೆಲ್ಲದ ದರ ನೋಡುವವರ ಕೈಯಲ್ಲಿ ಇರುವುದು ಫೋನ್. ಕಡಿಮೆ ಬೆಲೆಯ ಆಂಡ್ರಾಯ್ಡ್ ಒಂದರಲ್ಲಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪರೀಕ್ಷಾ ಪುಟ ತೆರೆಯಿರಿ. ಹಳೆಯದೇ ಕಾಣುತ್ತಿದ್ದರೆ ಕ್ಯಾಶೆ ಪ್ಲಗಿನ್ ಮತ್ತು ಸಿಡಿಎನ್ (ಸೈಟಿನ ಪ್ರತಿಗಳನ್ನು ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ) ಎರಡನ್ನೂ ಖಾಲಿ ಮಾಡಿ, ಸಿಎಸ್‌ಎಸ್ ವಿಳಾಸದ ಕೊನೆಯಲ್ಲಿರುವ ವರ್ಷನ್ ಸಂಖ್ಯೆ ಏರಿಸಿ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸೇರಿಸಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿದರೆ, ಫೋನಿನ ಪುಟವನ್ನೂ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಮಾಡಬಹುದು. ‘ರೆಂಡರ್ಡ್ ಫಾಂಟ್ಸ್’ ಅಲ್ಲೂ ಸಿಗುತ್ತದೆ.

ಎಲ್ಲ ಸರಿಹೋದ ಮೇಲೆ ಫಾಂಟಿಗೆ ಸಂಬಂಧಿಸಿದ ರೂಲ್‌ಗಳನ್ನೆಲ್ಲ ಒಂದೇ ಫೈಲಿಗೆ ತನ್ನಿ. ಆ ಫೈಲಿನ ತಲೆಯ ಮೇಲೆ ಒಂದು ಕಮೆಂಟ್ ಬರೆದಿಡಿ: ಯಾವ ಫಾಂಟ್, ಯಾವ ತೂಕಗಳು, ಫೈಲುಗಳು ಎಲ್ಲಿವೆ, ಪರೀಕ್ಷಾ ಪುಟದ ವಿಳಾಸ ಏನು. ಮುಂದೆ ಈ ಸೈಟನ್ನು ಇನ್ನೊಬ್ಬರು ನೋಡಿಕೊಳ್ಳುವಾಗ ಅವರು ಫೈಲಿನ ಕೊನೆಗೆ ಹೋಗಿ ಐದನೆಯ ರೂಲ್ ಬರೆಯುವ ಮೊದಲು ಇದು ಅವರ ಕಣ್ಣಿಗೆ ಬೀಳಬೇಕು.